ಫೋನಿನಲ್ಲಿ ದನಿ ‘ರೋಬೋಟ್’ ಆಗುವುದೇಕೆ? ವೋಕೋಡರ್ ಕಂಡುಹಿಡಿದ ಹೋಮರ್ ಡಡ್ಲಿಯ ಕಥೆ

ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಕುಳಿತು ಮನೆಗೆ ಫೋನ್ ಮಾಡಿದವರಿಗೆ ಇದು ಗೊತ್ತಿರುತ್ತದೆ. ಒಂದು ತಿರುವು ದಾಟಿ ಕಾಡು ಶುರುವಾಗುತ್ತಿದ್ದಂತೆ ಆ ಕಡೆಯ ಅಮ್ಮನ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಮಾತು ಅಮ್ಮನದೇ, ದನಿ ಮಾತ್ರ ಯಂತ್ರದ್ದು. ಸಿದ್ದಾಪುರದ ಒಳಹಳ್ಳಿಗಳಲ್ಲಿ ಅಂಗಳದ ಇದೇ ಮೂಲೆ, ತೋಟದ ಅದೇ ದರೆ ಎಂದು ನೆಟ್‌ವರ್ಕ್ ಸಿಗುವ ಜಾಗ ಗುರುತು ಮಾಡಿಕೊಂಡವರಿಗಂತೂ ಇದು ದಿನದ ಅನುಭವ. ಫೋನ್ ಹ್ಯಾಕ್ ಆಗಿದೆ, ಯಾರೋ ಕದ್ದು ಕೇಳುತ್ತಿದ್ದಾರೆ, ಅದಕ್ಕೇ ದನಿ ಬದಲಾಗಿದೆ ಎಂದು ಹೆದರಿಕೊಳ್ಳುವವರೂ ಇದ್ದಾರೆ.

ಅದೇ ಸೀಮೆಯ ಹಾಡುವ ಹುಡುಗ-ಹುಡುಗಿಯರ ಪ್ರಶ್ನೆ ಬೇರೆ. ಗಣೇಶ ಹಬ್ಬದ ಕಾರ್ಯಕ್ರಮಕ್ಕೋ ಸ್ವಂತ ರೀಲ್ಸ್‌ಗೋ ವೋಕೋಡರ್ ಇರುವ ಸಣ್ಣ ಸಿಂಥಸೈಜರ್ ಬೇಕು, ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಯಾವುದು ತೆಗೆದುಕೊಳ್ಳೋಣ? ಅದರಲ್ಲಿ ಹಾಡಿದರೆ ಶ್ರುತಿ ತಪ್ಪುವುದೇ ಇಲ್ಲವಂತೆ, ಹೌದೇ?

ಎರಡೂ ಪ್ರಶ್ನೆಗಳನ್ನು ಹಿಡಿದು ಹಿಂದೆ ಹೋದರೆ ನಾವು ತಲುಪುವುದು ಒಬ್ಬನೇ ಮನುಷ್ಯನ ಬಳಿಗೆ. ಅವರು ಹೋಮರ್ ಡಡ್ಲಿ.

ಡಡ್ಲಿ ಹುಟ್ಟಿದ್ದು 1896ರ ನವೆಂಬರಿನಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ತಂದೆ ಚರ್ಚಿನ ಬೋಧಕರು. ಡಡ್ಲಿ ಬೆಳೆದದ್ದು ಪೆನ್ಸಿಲ್ವೇನಿಯಾದಲ್ಲಿ. ಮೊದಲು ಹಿಡಿದ ಕೆಲಸ ಶಾಲಾ ಮೇಷ್ಟ್ರದ್ದು. ಆದರೆ ಮಕ್ಕಳ ಗಲಾಟೆ ಹತೋಟಿಗೆ ತರುವುದು ಈ ಮೆತ್ತಗಿನ ಮನುಷ್ಯನಿಗೆ ಆಗಿಬರಲಿಲ್ಲ. ಮೇಷ್ಟ್ರಿಕೆ ಬಿಟ್ಟು ಪೆನ್ ಸ್ಟೇಟ್‌ನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದರು. 1921ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಇಂಜಿನಿಯರಿಂಗ್ ವಿಭಾಗ ಸೇರಿದರು. ಮುಂದೆ ಅದೇ ವಿಭಾಗ ಬೆಲ್ ಲ್ಯಾಬ್ಸ್ ಆಯಿತು. ಡಡ್ಲಿ ನಿವೃತ್ತಿಯ ತನಕ ಅಲ್ಲಿಂದ ಕದಲಲಿಲ್ಲ.

ಆಗ ಬೆಲ್ ಕಂಪನಿಯ ತಲೆನೋವು ಅಟ್ಲಾಂಟಿಕ್ ಸಾಗರ. 1927ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ರೇಡಿಯೋ ಮೂಲಕ ಫೋನ್ ಶುರುವಾಗಿತ್ತು. ಮೂರು ನಿಮಿಷಕ್ಕೆ 75 ಡಾಲರ್! ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಏನೋ ಇತ್ತು. ಆದರೆ ಅದು ಕಟ್ಟಕಡ ಶಬ್ದದ ತಂತಿ ಸಂದೇಶಕ್ಕೆ ಮಾಡಿದ್ದು. ಫೋನಿನ ಮಾತು ಹೋಗಬೇಕಾದರೆ ಸುಮಾರು 3000 ಹರ್ಟ್ಸ್ ಅಗಲದ ದಾರಿ ಬೇಕು. ಗದ್ದೆಯ ಬದುವಿನ ಮೇಲೆ ಲಾರಿ ಓಡಿಸುವುದು ಹೇಗೆ? ಬದು ಅಗಲ ಮಾಡುವ ದಾರಿಯನ್ನು ಬೇರೆಯವರು ಹುಡುಕುತ್ತಿದ್ದರೆ, 1928ರ ಹೊತ್ತಿಗೆ ಡಡ್ಲಿ ಲಾರಿಯನ್ನೇ ಸಣ್ಣದು ಮಾಡಲು ಹೊರಟರು.

ಅವರಿಗೆ ಹೊಳೆದದ್ದನ್ನು ನೀವು ಈಗಲೇ, ಕುಳಿತಲ್ಲೇ ಪರೀಕ್ಷಿಸಬಹುದು. ಗಂಟಲ ಮೇಲೆ ಎರಡು ಬೆರಳಿಟ್ಟು ಒಂದೇ ಶ್ರುತಿಯಲ್ಲಿ ಆ, ಈ, ಊ ಎನ್ನಿ. ಬೆರಳಿಗೆ ತಾಗುವ ನಡುಕ ಮೂರಕ್ಕೂ ಒಂದೇ. ಬದಲಾಗುತ್ತಿರುವುದು ಬಾಯಿಯ ಆಕಾರ ಮಾತ್ರ. ಈಗ ಅದನ್ನೇ ಪಿಸುಗುಟ್ಟಿ. ಗಂಟಲಿನ ನಡುಕ ನಿಂತೇ ಹೋಯಿತು. ಆದರೂ ಪಕ್ಕದವರಿಗೆ ಆ ಯಾವುದು, ಈ ಯಾವುದು ಎಂದು ಗೊತ್ತಾಗುತ್ತದೆ.

ಅಂದರೆ ಮಾತಿನ ಅರ್ಥ ಗಂಟಲಿನ ಶಬ್ದದಲ್ಲಿ ಇಲ್ಲ. ಆ ಶಬ್ದವನ್ನು ನಾಲಿಗೆ, ತುಟಿ, ದವಡೆ ತಿದ್ದುವ ರೀತಿಯಲ್ಲಿದೆ. ನಮ್ಮ ಕಡೆಯವರಿಗೆ ಧಾರವಾಡ ಆಕಾಶವಾಣಿಯ ಉದಾಹರಣೆ ಸಾಕು. 765 ಕಿಲೋಹರ್ಟ್ಸ್ ಎನ್ನುವ ಅಲೆಗೆ ತನ್ನದೇ ಸುದ್ದಿ ಇಲ್ಲ, ಅದು ಬರೀ ವಾಹಕ. ವಾರ್ತೆ ಅದರ ಬೆನ್ನೇರಿ ಬರುತ್ತದೆ. ಗಂಟಲಿನ ಗುಂಯ್ ಎನ್ನುವ ಶಬ್ದವೂ ಹಾಗೆಯೇ ಒಂದು ವಾಹಕ ಎಂದು ಡಡ್ಲಿ ಕಂಡುಕೊಂಡರು. ನಾಲಿಗೆ ಎಷ್ಟೇ ಚುರುಕಾಗಿರಲಿ, ಅದು ಮಾಂಸದ ಮುದ್ದೆ. ಸೆಕೆಂಡಿಗೆ ಸಾವಿರ ಸಲ ಅಲುಗಾಡಲಾರದು, ಹೆಚ್ಚೆಂದರೆ ಹತ್ತಾರು ಸಲ. ಹಾಗಿದ್ದ ಮೇಲೆ ಇಡೀ ಶಬ್ದವನ್ನು ತಂತಿಯಲ್ಲಿ ಏಕೆ ಕಳಿಸಬೇಕು? ಬಾಯಿ ಹೇಗೆ ಅಲುಗಿತು ಎಂಬ ವಿವರ ಕಳಿಸಿದರೆ ಸಾಲದೇ? ಗುಂಯ್ ಶಬ್ದವನ್ನು ಆ ತುದಿಯಲ್ಲಿ ಯಂತ್ರವೇ ಹುಟ್ಟಿಸಿಕೊಳ್ಳಲಿ!

ವೋಕೋಡರ್ ಮಾಡುವುದು ಇಷ್ಟನ್ನೇ. ಈ ತುದಿಯಲ್ಲಿ ಮಾತನ್ನು ಹತ್ತು ಜರಡಿಗಳಿಂದ ಸೋಸಿ ಹತ್ತು ಬ್ಯಾಂಡ್ ಮಾಡುವುದು, ಪ್ರತಿ ಬ್ಯಾಂಡಿನಲ್ಲಿ ಈ ಕ್ಷಣ ಎಷ್ಟು ಶಕ್ತಿಯಿದೆ ಎಂದು ಅಳೆಯುವುದು, ಜೊತೆಗೆ ದನಿಯ ಶ್ರುತಿ ಎಷ್ಟು ಎಂದು ನೋಡುವುದು. ತಂತಿಯಲ್ಲಿ ಹೋಗುವುದು ಈ ಅಳತೆಗಳು ಮಾತ್ರ. ಆ ತುದಿಯಲ್ಲಿ ಇನ್ನೊಂದು ಯಂತ್ರ ಗುಂಯ್ ಎನ್ನುವ ಅಥವಾ ಸ್‌ಸ್ ಎನ್ನುವ ಶಬ್ದ ಹುಟ್ಟಿಸಿ, ಅಳತೆಗೆ ತಕ್ಕಂತೆ ಹತ್ತು ನಲ್ಲಿ ತಿರುಗಿಸಿದ ಹಾಗೆ ಅದನ್ನು ಏರಿಸಿ ಇಳಿಸುತ್ತದೆ. ಮಾತು ಮತ್ತೆ ಹುಟ್ಟುತ್ತದೆ. 3000 ಹರ್ಟ್ಸ್ ಬೇಕಾದಲ್ಲಿ ಸುಮಾರು 300 ಸಾಕಾಯಿತು. ಪೇಟೆಂಟಿಗೆ ಅರ್ಜಿ ಹಾಕಿದ್ದು 1935ರಲ್ಲಿ, ಸಿಕ್ಕಿದ್ದು 1939ರ ಮಾರ್ಚಿನಲ್ಲಿ.

ಚಿಕ್ಕಂದಿನಲ್ಲಿ ತಿರುಗುವ ಟೇಬಲ್ ಫ್ಯಾನ್ ಮುಂದೆ ಬಾಯಿಟ್ಟು ಮಾತಾಡಿ ರೋಬೋಟ್ ಆದವರು ನಾವೆಲ್ಲ. ಅದು ವೋಕೋಡರ್ ಅಲ್ಲ. ಫ್ಯಾನಿನ ರೆಕ್ಕೆ ದನಿಯನ್ನು ಕತ್ತರಿಸುತ್ತದೆ ಅಷ್ಟೇ, ದನಿ ನಿಮ್ಮದೇ ಉಳಿಯುತ್ತದೆ. ವೋಕೋಡರಿನಲ್ಲಿ ಹೊರಬರುವ ನಾದದಲ್ಲಿ ನಿಮ್ಮ ಗಂಟಲಿನ ಪಾಲು ಇರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಸಿಂಥ್ ಕೊಳ್ಳುವಾಗ ಬೇಕಾಗುತ್ತದೆ.

ಕೈಬೆರಳಿನಿಂದ ಮಾತಾಡಿದ ಹುಡುಗಿ

ವೋಕೋಡರಿನ ಅರ್ಧವನ್ನು ಮಾತ್ರ ತೆಗೆದು, ಮೈಕಿನ ಬದಲು ಕೀಲಿಮಣೆ ಕೂರಿಸಿದರೆ ಹೇಗೆ? 1939ರ ಜನವರಿಯಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಡ್ಲಿ ಮತ್ತು ಸಂಗಡಿಗರು ಅಂಥ ಯಂತ್ರ ತೋರಿಸಿದರು. ಹೆಸರು ವೋಡರ್. ಅದೇ ವರ್ಷ ನ್ಯೂಯಾರ್ಕಿನ ವಿಶ್ವ ಮೇಳದಲ್ಲೂ ಸ್ಯಾನ್ ಫ್ರಾನ್ಸಿಸ್ಕೋದ ಮೇಳದಲ್ಲೂ ಅದನ್ನು ಜನರ ಮುಂದಿಟ್ಟರು. ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಹೊಸ ಆಟದ ಮುಂದೆ ಜನ ಮುತ್ತಿಕೊಳ್ಳುವುದನ್ನು ಕಂಡವರು ಆ ದೃಶ್ಯ ಊಹಿಸಿಕೊಳ್ಳಬಹುದು.

ಹಾರ್ಮೋನಿಯಂ ಬಲ್ಲವರಿಗೆ ವೋಡರ್ ಬೇಗ ಅರ್ಥವಾಗುತ್ತದೆ, ಬೇಗ ಗೊಂದಲವನ್ನೂ ಮಾಡುತ್ತದೆ. ಅದರ ಹತ್ತು ಮುಖ್ಯ ಕೀಲಿಗಳು ಸ್ವರಕ್ಕಲ್ಲ, ಬಾಯಿಯ ಆಕಾರಕ್ಕೆ. ಒಂದೊಂದು ಕೀಲಿಗೆ ಒಂದೊಂದು ಬ್ಯಾಂಡ್. ಪ, ತ, ಕದಂಥ ಸಿಡಿಯುವ ವ್ಯಂಜನಗಳಿಗೆ ಬೇರೆ ಮೂರು ಕೀಲಿ. ಮಣಿಕಟ್ಟಿನ ಕೆಳಗೆ ಒಂದು ಪಟ್ಟಿ: ಅದನ್ನು ಒತ್ತುವುದರ ಮೇಲೆ ಗುಂಯ್ ಶಬ್ದವೋ ಸ್‌ಸ್ ಶಬ್ದವೋ ಎಂದು ತೀರ್ಮಾನ. ಶ್ರುತಿ ಇರುವುದು ಕಾಲಿನ ಪೆಡಲಿನಲ್ಲಿ. ಪ್ರಶ್ನೆ ಕೇಳುವಾಗ ದನಿ ಮೇಲೇರಬೇಕೇ? ಕಾಲಿನಿಂದ ಏರಿಸಬೇಕು. ಒಂದು ಸಣ್ಣ ಪದಕ್ಕೆ ಕೈ, ಮಣಿಕಟ್ಟು, ಕಾಲು ಮೂರೂ ಒಟ್ಟಿಗೆ ಓಡಬೇಕು.

ಇದನ್ನು ನುಡಿಸಿದವರು ಟೆಲಿಫೋನ್ ಆಪರೇಟರ್ ಹುಡುಗಿಯರು. ದೊಡ್ಡ ಗುಂಪಿನಿಂದ ಕೆಲವರನ್ನೇ ಆರಿಸಿದರು. ಸರಾಗವಾಗಿ ‘ಮಾತಾಡಲು’ ಕಲಿಯುವುದಕ್ಕೆ ಅವರಿಗೆ ಸುಮಾರು ಒಂದು ವರ್ಷ ಹಿಡಿಯಿತು. ಅವರಲ್ಲಿ ಹೆಲೆನ್ ಹಾರ್ಪರ್ ಎಲ್ಲರಿಗಿಂತ ಮುಂದೆ. ಮೇಳದಲ್ಲಿ ನಿರೂಪಕ ಪ್ರಶ್ನೆ ಕೇಳುತ್ತಿದ್ದ, ಹುಡುಗಿ ತುಟಿ ಪಿಟಕ್ಕೆನ್ನದೆ ಕೂತಿರುತ್ತಿದ್ದಳು, ಯಂತ್ರ ಉತ್ತರಿಸುತ್ತಿತ್ತು. ಒಂದೇ ವಾಕ್ಯದಲ್ಲಿ ಬೇರೆ ಬೇರೆ ಪದಕ್ಕೆ ಒತ್ತು ಕೊಟ್ಟು ಅರ್ಥ ಬದಲಿಸಿ ತೋರಿಸುತ್ತಿದ್ದರು. ಒಳಗೆ ಗ್ರಾಮಫೋನ್ ಪ್ಲೇಟ್ ಇರಲಿಲ್ಲ, ಮರೆಯಲ್ಲಿ ಮಾತಾಡುವ ಮನುಷ್ಯ ಇರಲಿಲ್ಲ. ಬೇಗ ಹಬ್ಬುವ ಸುದ್ದಿಗಳಲ್ಲಿ ಡಡ್ಲಿಯ ಹೆಸರಾದರೂ ಬರುತ್ತದೆ, ಹೆಲೆನ್ ಹಾರ್ಪರ್ ಹೆಸರು ಬರುವುದು ಅಪರೂಪ. ಆ ಕೈಗಳಿಲ್ಲದಿದ್ದರೆ ವೋಡರ್ ಬರೀ ಗುಂಯ್‌ಗುಟ್ಟುವ ಪೆಟ್ಟಿಗೆ.

ಮರೆಯಲ್ಲಿರುವ ಮನುಷ್ಯನ ಅನುಮಾನ ಸುಮ್ಮನೆ ಹುಟ್ಟುವುದಲ್ಲ. ಹದಿನೆಂಟನೇ ಶತಮಾನದಲ್ಲಿ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬಾತ ಚೆಸ್ ಆಡುವ ತುರ್ಕಿ ಬೊಂಬೆ ಮಾಡಿ ಯುರೋಪನ್ನೇ ಬೆರಗುಗೊಳಿಸಿದ್ದ. ಪೆಟ್ಟಿಗೆಯೊಳಗೆ ಒಬ್ಬ ಆಟಗಾರ ಮುದುರಿ ಕೂತಿರುತ್ತಿದ್ದ, ಅಪ್ಪಟ ಮೋಸ. ಆದರೆ ಇದೇ ಕೆಂಪೆಲೆನ್ ನಿಜವಾಗಿ ಮಾತಾಡುವ ಯಂತ್ರವನ್ನೂ ಮಾಡಿ 1791ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಒಂದು ತಿದಿ, ಒಂದು ರೀಡ್, ಬಾಯಿಯ ಬದಲು ಕೈಯಿಂದ ಮುಚ್ಚಿ ತೆರೆಯುವ ರಬ್ಬರಿನ ಬಟ್ಟಲು. ತಿದಿ ಮತ್ತು ರೀಡ್ ಎಂದರೆ ನಮ್ಮ ಹಾರ್ಮೋನಿಯಮ್ಮಿನ ಶ್ವಾಸವೇ ತಾನೆ! ಬೊಂಬೆಯ ಮೋಸ ಬಯಲಾದ ಮೇಲೆ ಮಾತಿನ ಯಂತ್ರವನ್ನೂ ಜನ ನಂಬದೇ ಹೋದರು. ಡಡ್ಲಿಗೆ ಈ ಹಿರಿಯನ ಮೇಲೆ ಗೌರವವಿತ್ತು. 1950ರಲ್ಲಿ ಹಂಗೇರಿಯ ವಿಜ್ಞಾನಿ ಟಾರ್ನೋಸಿ ಜೊತೆ ಸೇರಿ ಕೆಂಪೆಲೆನ್‌ನ ಯಂತ್ರದ ಕುರಿತು ವಿವರವಾದ ಲೇಖನವನ್ನೇ ಬರೆದರು.

ಗುಟ್ಟಿನ ಮಾತು, 50 ಟನ್ ಯಂತ್ರ

ಮೇಳ ಮುಗಿಯುವ ಮುಂಚೆಯೇ ಯುದ್ಧ ಶುರುವಾಗಿತ್ತು. ರೂಸ್‌ವೆಲ್ಟ್ ಮತ್ತು ಚರ್ಚಿಲ್ ಆಡುತ್ತಿದ್ದ ರೇಡಿಯೋ ಫೋನಿನ ಮಾತುಗಳನ್ನು, ಅವು ಕಲಸಿ ಕಳಿಸಿದ್ದರೂ ಜರ್ಮನ್ನರು ಬಿಡಿಸಿ ಕೇಳುತ್ತಿದ್ದರು. ಆಗ ನೆನಪಾದದ್ದು ವೋಕೋಡರ್. ಮಾತು ಒಮ್ಮೆ ಅಂಕಿಗಳಾದರೆ ಅಂಕಿಗಳಿಗೆ ಗುಟ್ಟಿನ ಅಂಕಿ ಕೂಡಿಸಿ ಕಳಿಸಬಹುದಲ್ಲ!

ಹೀಗೆ ಹುಟ್ಟಿದ ವ್ಯವಸ್ಥೆ ಸಿಗ್‌ಸ್ಯಾಲಿ. 1943ರ ಜುಲೈ 15ರಂದು ವಾಷಿಂಗ್ಟನ್ ಮತ್ತು ಲಂಡನ್ ನಡುವೆ ಕೆಲಸ ಆರಂಭ. ಒಂದು ತುದಿಯ ಯಂತ್ರದ ತೂಕವೇ 50 ಟನ್‌ಗಿಂತ ಹೆಚ್ಚು. ಲಂಡನ್ನಿನಲ್ಲಿ ಅದನ್ನು ಸೆಲ್‌ಫ್ರಿಜಸ್ ಎಂಬ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಗುಟ್ಟಿನ ಅಂಕಿಗಳು ಬರುತ್ತಿದ್ದುದು ಗ್ರಾಮಫೋನ್ ಪ್ಲೇಟುಗಳಿಂದ. ಒಂದೇ ಗದ್ದಲವನ್ನು ಕೊರೆದ ಎರಡು ಪ್ಲೇಟು, ಎರಡು ತುದಿಗೆ ಒಂದೊಂದು, ಒಂದೇ ಗಳಿಗೆಯಲ್ಲಿ ತಿರುಗಬೇಕು, ಬಳಸಿದ ಮೇಲೆ ನಾಶ ಮಾಡಬೇಕು. ಆ ವರ್ಷ ಬೆಲ್ ಲ್ಯಾಬ್ಸ್‌ಗೆ ಬಂದು ಈ ಏರ್ಪಾಡನ್ನು ಪರಿಶೀಲಿಸಿದವರಲ್ಲಿ ಅಲನ್ ಟ್ಯೂರಿಂಗ್ ಕೂಡ ಇದ್ದರು. ಯುದ್ಧ ಮುಗಿಯುವವರೆಗೂ ಇದನ್ನು ಯಾರೂ ಬಿಡಿಸಲಾಗಲಿಲ್ಲ. ಡಡ್ಲಿ ಮತ್ತು ಸಂಗಡಿಗರು ಇದರ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. 1976ರಲ್ಲಿ ಗುಟ್ಟು ಬಯಲಾಗುವ ಹೊತ್ತಿಗೆ ಅವರಿಗೆ ಎಂಬತ್ತರ ಹತ್ತಿರ.

ಈ ಕಥೆಯಲ್ಲಿ ಒಂದು ಅಂಕಿ ಗಮನಿಸಿ. ಸಿಗ್‌ಸ್ಯಾಲಿ ದನಿಯನ್ನು ಅಳೆಯುತ್ತಿದ್ದುದು ಸೆಕೆಂಡಿಗೆ 50 ಸಲ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ. ನಿಮ್ಮ ಮೊಬೈಲ್ ಕೂಡ ಕರೆಯ ಮಾತನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿಯೇ ಕತ್ತರಿಸುತ್ತದೆ. ಪ್ರತಿ ತುಣುಕಿನಲ್ಲೂ ಬಾಯಿಯ ಆಕಾರದ ವಿವರ, ಶ್ರುತಿಯ ವಿವರ. ಕಾಡಿನ ತಿರುವಿನಲ್ಲಿ ಕೆಲವು ತುಣುಕು ಕಳೆದುಹೋದಾಗ ಫೋನ್ ಸುಮ್ಮನಾಗುವುದಿಲ್ಲ, ಹಿಂದಿನ ತುಣುಕಿನ ವಿವರವನ್ನೇ ಮತ್ತೆ ಎಳೆದು ಜಾಗ ತುಂಬುತ್ತದೆ. ಶ್ರುತಿ ಅಲ್ಲಾಡದೆ ನಿಂತುಬಿಡುತ್ತದೆ, ನಾಲಿಗೆ ಹೆಪ್ಪುಗಟ್ಟಿದಂತಾಗುತ್ತದೆ. ಅಮ್ಮನ ದನಿ ರೋಬೋಟ್ ಆಗುವುದು ಹೀಗೆ. ಅದಕ್ಕೂ ಹ್ಯಾಕಿಂಗಿಗೂ ಸಂಬಂಧವಿಲ್ಲ. ಟವರ್ ಹತ್ತಿರ ಬಂದರೆ ತಾನೇ ಸರಿಹೋಗುತ್ತದೆ.

ಮೊಬೈಲಿಗೆ ಬಂದ ಈ ದಾರಿಯಲ್ಲಿ ಬೆಂಗಳೂರಿನ ಹೆಸರೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, 1950ರ ದಶಕದ ಕೊನೆಯಲ್ಲಿ ಅಲ್ಲೇ ಶಬ್ದವಿಜ್ಞಾನ ಪಾಠ ಮಾಡುತ್ತಿದ್ದ ಬಿಷ್ಣು ಅತಾಲ್ 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಹತ್ತು ಜರಡಿಯ ಬದಲು, ಹಿಂದಿನ ಶಬ್ದದಿಂದ ಮುಂದಿನದನ್ನು ಲೆಕ್ಕಹಾಕಿ ಊಹಿಸುವ ವಿಧಾನವನ್ನು ಅವರು ಬೆಳೆಸಿದರು. 1985ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಜೊತೆ ಅವರು ಮಂಡಿಸಿದ ರೂಪವೇ ಇಂದಿನ ಬಹುಪಾಲು ಮೊಬೈಲ್ ಕರೆಗಳ ಬೇರು.

ಇದೇ ಬಳ್ಳಿಯ ತೀರಾ ಹೊಸ ಚಿಗುರು ಎಐ ದನಿ. ಅದನ್ನು ಹುಟ್ಟಿಸುವ ಕೊನೆಯ ಹಂತದ ತಂತ್ರಾಂಶಕ್ಕೆ ಇಂದಿಗೂ ವೋಕೋಡರ್ ಎಂದೇ ಹೆಸರು. ಇಲ್ಲಿ ಮಾತ್ರ ಎಚ್ಚರ ಬೇಕು. ಮಗನದೋ ಭಾವನದೋ ದನಿಯಲ್ಲಿ ಕರೆ ಬಂದು ತುರ್ತಾಗಿ ದುಡ್ಡು ಹಾಕು ಎಂದರೆ ಕರೆ ಕತ್ತರಿಸಿ, ನಿಮ್ಮ ಬಳಿ ಮೊದಲೇ ಇರುವ ನಂಬರಿಗೆ ನೀವೇ ಕರೆ ಮಾಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ರೋಬೋಟ್ ದನಿಗೆ ಹೆದರಬೇಕಿಲ್ಲ. ತೀರಾ ಚೆನ್ನಾಗಿರುವ ದನಿಯೂ ನಕಲಿಯಾಗಿರಬಹುದು, ಅದಕ್ಕೆ ಹೆದರಬೇಕು.

ಹಾಡಿಗೆ ಬಂದದ್ದು ಹೇಗೆ?

1948ರಲ್ಲಿ ಡಡ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೆ ಹೋಗಿ ವರ್ನರ್ ಮೇಯರ್-ಎಪ್ಲರ್ ಎಂಬ ವಿಜ್ಞಾನಿಗೆ ವೋಕೋಡರ್ ಕೇಳಿಸಿದರು. ನಾಲ್ಕೈದು ವರ್ಷದ ಹಿಂದೆ ಜರ್ಮನ್ನರ ಕಿವಿಯಿಂದ ಮಾತು ಮುಚ್ಚಿಡಲು ದುಡಿದ ಯಂತ್ರ ಅದು! ಮೇಯರ್-ಎಪ್ಲರ್ ತಲೆಗೆ ಬಂದದ್ದು ಸಂಗೀತ. 1951ರಲ್ಲಿ ಕಲೋನ್ ರೇಡಿಯೋದಲ್ಲಿ ಶುರುವಾದ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಹಿಂದೆ ಅವರ ಕೈವಾಡ ದೊಡ್ಡದು. ಮುಂದೆ ಅಮೆರಿಕದಲ್ಲಿ ರಾಬರ್ಟ್ ಮೂಗ್ ಮತ್ತು ವೆಂಡಿ ಕಾರ್ಲೋಸ್ ಹಾಡುವ ವೋಕೋಡರ್ ಕಟ್ಟಿದರು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಅದನ್ನು ಊರೂರಿಗೆ ಒಯ್ದಿತು. 1978ರಲ್ಲಿ ಕೊರ್ಗ್ ಕಂಪನಿಯ ವಿಸಿ-10, ಮರುವರ್ಷ ರೋಲ್ಯಾಂಡಿನ ವಿಪಿ-330 ಅಂಗಡಿಗೆ ಬಂದವು.

ಡಡ್ಲಿ 1960ರ ದಶಕದ ಆರಂಭದಲ್ಲಿ ನಿವೃತ್ತರಾಗಿದ್ದರು. ಆ ಹೊತ್ತಿಗೇ ಬೆಲ್ ಲ್ಯಾಬ್ಸ್ ಗಂಟಲಿಗೆ ಒತ್ತಿಹಿಡಿಯುವ ಎಲೆಕ್ಟ್ರಾನಿಕ್ ಕೃತಕ ಧ್ವನಿಪೆಟ್ಟಿಗೆಯನ್ನೂ ಹೊರತಂದಿತ್ತು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಅದನ್ನು ಕುತ್ತಿಗೆಗೆ ಹಿಡಿದರೆ ಗುಂಯ್ ಶಬ್ದ ಅದರದು, ಮಾತು ಅವರ ನಾಲಿಗೆ-ತುಟಿಯದು. ಪಿಸುಮಾತಿನ ಪರೀಕ್ಷೆಯಲ್ಲಿ ನೀವು ಕಂಡ ತತ್ವವೇ. ಇಂಥ ಉಪಕರಣ ಇಂದೂ ಬಳಕೆಯಲ್ಲಿದೆ. ಧ್ವನಿಪೆಟ್ಟಿಗೆ ಹೋದರೆ ಮಾತೇ ಮುಗಿಯಿತು ಎಂದು ಶಸ್ತ್ರಚಿಕಿತ್ಸೆಗೆ ಹಿಂಜರಿಯುವವರು ನಿಮ್ಮ ಬಳಗದಲ್ಲಿದ್ದರೆ ಅವರ ವೈದ್ಯರನ್ನು ಈ ಬಗ್ಗೆ ಕೇಳಲು ಹೇಳಿ. ಮೂರು ವಾರ ಮೀರಿಯೂ ದನಿ ಒಡೆದೇ ಇದ್ದರೆ, ಅದರಲ್ಲೂ ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸವಿದ್ದರೆ, ಕಷಾಯದಲ್ಲೇ ದಿನ ದೂಡದೆ ಇಎನ್‌ಟಿ ವೈದ್ಯರಿಗೆ ತೋರಿಸಿ.

1980ರ ಸೆಪ್ಟೆಂಬರಿನಲ್ಲಿ ಡಡ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಯಂತ್ರ ನೆಲಮಾಳಿಗೆಯಿಂದ ಮೇಜಿನ ಮೇಲಕ್ಕೆ ಬಂದಾಗಿತ್ತು.

ಈಗ ನಿಮ್ಮ ಸಿಂಥ್

ವೋಕೋಡರ್ ಇದ್ದರೆ ಶ್ರುತಿ ತಪ್ಪುವುದಿಲ್ಲವೇ? ಮಾತು ಅರ್ಧ ನಿಜ. ನೀವು ಎಂಥ ಶ್ರುತಿಯಲ್ಲಿ ಹಾಡಿದರೂ ವೋಕೋಡರ್ ಅದನ್ನು ಬಿಸಾಡುತ್ತದೆ. ಸ್ವರ ಬರುವುದು ನೀವು ಒತ್ತಿದ ಕೀಲಿಯಿಂದ. ಕೀಲಿ ತಪ್ಪಿದರೆ ಹಾಡು ತಪ್ಪಿತು. ಹಾಡಿದ ಶ್ರುತಿಯನ್ನೇ ಎಳೆದು ಹತ್ತಿರದ ಸ್ವರಕ್ಕೆ ಕೂರಿಸುವುದು ಆಟೋ-ಟ್ಯೂನ್. ಅದು ಬಂದದ್ದು 1997ರಲ್ಲಿ, ಅದರ ಜಾತಿಯೇ ಬೇರೆ. ಶೆರ್ ಎಂಬ ಗಾಯಕಿಯ 1998ರ ಜನಪ್ರಿಯ ಹಾಡು ‘ಬಿಲೀವ್’ ವೋಕೋಡರಿನದು ಎಂದು ಬಹಳ ಕಡೆ ಬರೆದಿರುತ್ತಾರೆ, ಅದು ಆಟೋ-ಟ್ಯೂನ್. ಇನ್ನು ಗಮಕ, ಮೀಂಡ್ ಬೇಕೆನ್ನುವವರಿಗೆ ವೋಕೋಡರ್ ಕೈಕೊಡುತ್ತದೆ. ಸ್ವರದಿಂದ ಸ್ವರಕ್ಕೆ ಜಾರಲಾರದು ಎಂಬ ದೂರು ಹೊತ್ತೇ ಹಾರ್ಮೋನಿಯಂ 1940ರಿಂದ 1971ರವರೆಗೆ ಆಕಾಶವಾಣಿಯಿಂದ ಹೊರಗಿತ್ತು. ಅದೇ ದೂರು ಇಲ್ಲಿಗೂ ಸಲ್ಲುತ್ತದೆ. ಪಿಚ್ ಬೆಂಡ್ ಇರುವ ಮಾದರಿಯಾದರೆ ಸ್ವಲ್ಪ ಸಮಾಧಾನ.

ದುಡ್ಡು ಕೊಡುವ ಮುಂಚೆ ಪುಕ್ಕಟೆ ದಾರಿ ನೋಡಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಟಿಎಎಲ್-ವೋಕೋಡರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಒಂದು ತಿಂಗಳು ಆಡಿ. ಎಷ್ಟೋ ಮಂದಿಗೆ ಈ ದನಿ ಎರಡು ಹಾಡಿನಲ್ಲೇ ಸಾಕಾಗುತ್ತದೆ. ಅಡಿಕೆ ಮಾರಿದ ದುಡ್ಡು ಉಳಿಯಿತು!

ಬೇಕೇ ಬೇಕು ಎನಿಸಿದರೆ ಮೊದಲ ಹೆಸರು ಕೊರ್ಗ್‌ನ ಮೈಕ್ರೋಕೊರ್ಗ್. 2002ರಿಂದ ಇದೆ, 37 ಸಣ್ಣ ಕೀಲಿ, ಜೊತೆಯಲ್ಲೇ ಬಗ್ಗುವ ಕತ್ತಿನ ಮೈಕ್. ಒಮ್ಮೆಗೆ ನಾಲ್ಕೇ ಸ್ವರ, ಎಂಟೇ ಬ್ಯಾಂಡ್, ಅದು ಕೊರತೆ. ಆದರೆ ಆರು ಎಎ ಬ್ಯಾಟರಿಯಲ್ಲಿ ಓಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ ಊರಿನವರಿಗೆ ಇದರ ಬೆಲೆ ನಾವು ಹೇಳಬೇಕಿಲ್ಲ. ಬಹುಕಾಲ ಮಾರಾಟವಾದ ಮಾದರಿಯಾದ್ದರಿಂದ ಸೆಕೆಂಡ್ ಹ್ಯಾಂಡ್ ಹುಡುಕಬಹುದು. ನೋವೇಶನ್ ಮಿನಿನೋವಾದಲ್ಲಿ 12 ಬ್ಯಾಂಡ್, ಒಮ್ಮೆಗೆ 18 ಸ್ವರದವರೆಗೆ. ರೋಲ್ಯಾಂಡ್ ಜೆಡಿ-ಎಕ್ಸ್‌ಐನಲ್ಲಿ ವೋಕೋಡರ್ ಜೊತೆ ಶ್ರುತಿ ತಿದ್ದುವ ಸೌಲಭ್ಯವೂ ಇದೆ, ಎರಡೂ ಬೇಕೆನ್ನುವವರಿಗೆ ಅದು ಸರಿ. ಆರ್ಟೂರಿಯಾ ಮೈಕ್ರೋಫ್ರೀಕ್‌ಗೆ ವೋಕೋಡರ್ ಬಂದದ್ದು ಆಮೇಲಿನ ಉಚಿತ ಅಪ್‌ಡೇಟಿನಲ್ಲಿ. ಹಳೆಯದು ಕೊಳ್ಳುವಾಗ ಅಪ್‌ಡೇಟ್ ಆಗಿದೆಯೇ ಕೇಳಿ. ಅದರ ಕೀಲಿಗಳು ಒತ್ತುವವಲ್ಲ, ಮುಟ್ಟುವವು. ಹಾರ್ಮೋನಿಯಂ ಬೆರಳಿಗೆ ಹಿಡಿಸಲಿಕ್ಕಿಲ್ಲ.

ಮನೆಬಳಕೆಯ ಸಾಧಾರಣ ಕೀಬೋರ್ಡಿನಲ್ಲಿ ಮೈಕ್ ತೂತು ಇದ್ದ ಮಾತ್ರಕ್ಕೆ ವೋಕೋಡರ್ ಇದೆ ಎಂದಲ್ಲ. ಬಹುಪಾಲು ಅದು ದನಿಯನ್ನು ಹಾಗೇ ಸ್ಪೀಕರಿಗೆ ಕಳಿಸಲು ಇರುವುದು. ಅಂಗಡಿಯವರು ಇದೆ ಎಂದರೆ ಕೇಳಿಸಿ ಎನ್ನಿ: ಮೈಕಿನಲ್ಲಿ ಮಾತಾಡುತ್ತ ಕೀಲಿಯಿಂದ ಕೈ ತೆಗೆದರೆ ದನಿ ನಿಲ್ಲಬೇಕು. ನಿಲ್ಲದಿದ್ದರೆ ಅದು ವೋಕೋಡರ್ ಅಲ್ಲ, ಅಥವಾ ಮೂಲ ದನಿಯನ್ನೂ ಬೆರೆಸಿಟ್ಟಿದ್ದಾರೆ.

ಬ್ಯಾಂಡ್ ಕಡಿಮೆಯಾದಷ್ಟೂ ಹತ್ತಿರದ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಡೆಮೊ ವಿಡಿಯೋಗಳೆಲ್ಲ ಇಂಗ್ಲಿಷಿನವು, ಅದರಿಂದ ಕನ್ನಡ ಹೇಗೆ ಕೇಳೀತು ಎಂದು ಗೊತ್ತಾಗುವುದಿಲ್ಲ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದಾಗ ಅಂಗಡಿಯಲ್ಲಿ ಸ-ಪ-ಸ ಒತ್ತಿಹಿಡಿದು, ಜೊತೆಗೆ ಬಂದವರನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಮೈಕಿನಲ್ಲಿ ಮೂರು ಊರಿನ ಹೆಸರು ಹೇಳಿ. ಶಿರಸಿಯಲ್ಲಿ ಶ, ಸ ಬೇರೆಯಾಗಿ ಕೇಳಬೇಕು. ಸಿದ್ದಾಪುರದ ದ್ದ ಮೆತ್ತಗಾಗಬಾರದು. ಯಲ್ಲಾಪುರದ ಲ್ಲ ಕರಗಬಾರದು. ಬೆನ್ನು ತಿರುಗಿಸಿ ನಿಂತವರು ಮೂರನ್ನೂ ಸರಿಯಾಗಿ ಹೇಳಿದರೆ ಆಮೇಲೆ ಚೌಕಾಸಿ ಶುರುಮಾಡಿ.